ಹದಿನಾಲ್ಕು ಪದ, ಒಂದು ಲಕ್ಷ ಪದ

ಹದಿನಾಲ್ಕೇ ಹದಿನಾಲ್ಕು ಇಂಗ್ಲಿಷ್ ಪದ. ಬಸ್ ಟಿಕೆಟ್ಟಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಬಹುದು. ಅವನ್ನು ಬಿಡಿಬಿಡಿಯಾಗಿ ಒಡೆದು ಕಲಿತವರಿಗೆ 14,000 ಪದಗಳ ಅರ್ಥದ ಸುಳಿವು ಕೈಗೆ ಸಿಗುತ್ತದೆ ಎಂದು ಕಳೆದ ಶತಮಾನದ ನಡುಭಾಗದಲ್ಲಿ ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೇಮ್ಸ್ ಐ. ಬ್ರೌನ್. ಒಂದಕ್ಕೆ ಸಾವಿರ! ಅದೂ ಕಾಲೇಜು ಹುಡುಗರು ಇಟ್ಟುಕೊಳ್ಳುವ ಮಧ್ಯಮ ಗಾತ್ರದ ನಿಘಂಟಿನ ಲೆಕ್ಕ. ಮೇಜು ನಲುಗಿಸುವಂಥ ಬೃಹತ್ ನಿಘಂಟನ್ನು ತೆಗೆದುಕೊಂಡರೆ ಅದೇ ಹದಿನಾಲ್ಕು ಪದಗಳ ವ್ಯಾಪ್ತಿಗೆ ಸುಮಾರು 1,00,000 ಪದಗಳು ಬರುತ್ತವೆ ಎಂಬುದು ಅವರ ಅಂದಾಜು.

ಒಂದು ಲಕ್ಷ ಎಂದರೆ ಎಷ್ಟು? 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ಲರ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಇರುವುದೇ ಸುಮಾರು 70,000 ಪದ. ಇಡೀ ಕಿಟೆಲ್ ಕೋಶ ಮುಗಿದ ಮೇಲೂ ಇನ್ನೂ 30,000 ಪದ ಮಿಗುತ್ತವೆ. ದಿನಕ್ಕೆ ಹತ್ತು ಪದದಂತೆ ಬಾಯಿಪಾಠ ಮಾಡುತ್ತ ಹೋದರೆ ಒಂದು ಲಕ್ಷಕ್ಕೆ 10,000 ದಿನ ಬೇಕು, ಅಂದರೆ 27 ವರ್ಷಕ್ಕೂ ಮೇಲೆ. ಒಂದನೇ ತರಗತಿಗೆ ಸೇರಿದ ದಿನವೇ ಶುರು ಮಾಡಿದ ಮಗು ಮುಗಿಸುವ ಹೊತ್ತಿಗೆ ಮೂವತ್ತು ದಾಟಿ, ತನ್ನ ಮಗುವನ್ನು ಒಂದನೇ ತರಗತಿಗೆ ಸೇರಿಸುತ್ತಿರುತ್ತದೆ. ಬ್ರೌನ್ ಪಟ್ಟಿಗೆ ಒಂದು ಮಧ್ಯಾಹ್ನ ಸಾಕು.

ಪಟ್ಟಿ ಹೀಗಿದೆ: ಪ್ರಿಸೆಪ್ಟ್, ಡಿಟೇನ್, ಇಂಟರ್‌ಮಿಟೆಂಟ್, ಆಫರ್, ಇನ್‌ಸಿಸ್ಟ್, ಮಾನೊಗ್ರಾಫ್, ಎಪಿಲಾಗ್, ಆಸ್ಪೆಕ್ಟ್, ಅನ್‌ಕಾಂಪ್ಲಿಕೇಟೆಡ್, ನಾನ್‌ಎಕ್ಸ್‌ಟೆಂಡೆಡ್, ರೀಪ್ರೊಡಕ್ಷನ್, ಇನ್‌ಡಿಸ್ಪೋಸ್ಡ್, ಓವರ್‌ಸಫಿಶಿಯೆಂಟ್, ಮಿಸ್‌ಟ್ರಾನ್ಸ್‌ಕ್ರೈಬ್. ಕೊನೆಯ ಎರಡನ್ನು ಯಾವ ಇಂಗ್ಲಿಷಿನವನೂ ಟೀ ಕುಡಿಯುತ್ತ ಬಳಸಿರಲಾರ. ಪ್ರಾಧ್ಯಾಪಕರು ಬೇಕೆಂದೇ ತುರುಕಿದ ಪದಗಳವು, ಯಾಕೆಂದರೆ ಒಂದೊಂದರಲ್ಲೂ ಎರಡೆರಡು ಉಪಸರ್ಗಗಳನ್ನು ಕೂರಿಸಬೇಕಿತ್ತು. ಒಟ್ಟು ಎಣಿಸಿದರೆ ಈ ಹದಿನಾಲ್ಕರೊಳಗೆ 20 ಉಪಸರ್ಗ, 14 ಧಾತು. ಇಪ್ಪತ್ತರಲ್ಲಿ 15 ಉಪಸರ್ಗಗಳು ನೇರವಾಗಿ ಲ್ಯಾಟಿನ್ನಿನವು. ಗ್ರೀಕಿಗೆ ಎರಡು. ಇಂಗ್ಲಿಷಿನ ಸ್ವಂತ ಆಸ್ತಿ ಬರೀ ಮೂರು: ಅನ್, ಓವರ್, ಮಿಸ್.

ಇಪ್ಪತ್ತು ಉಪಸರ್ಗ, ಹದಿನಾಲ್ಕು ಧಾತು. ಒಂದಕ್ಕೊಂದು ಜೋಡಿಸಿದರೆ 280 ಜೋಡಿ. ಅಷ್ಟೇನಾ ಅನ್ನಬೇಡಿ. ಎರಡು ಉಪಸರ್ಗ ಹಚ್ಚಿದರೆ 5,600. ಮೂರು ಹಚ್ಚಿದರೆ 1,12,000! ಎಲ್ಲವೂ ಬಳಕೆಯಲ್ಲಿವೆ ಎಂದಲ್ಲ, ಬಹುಪಾಲು ಹುಟ್ಟದೇ ಉಳಿದ ಪದಗಳು. ಆದರೆ 34 ತುಣುಕುಗಳ ಹೊಟ್ಟೆಯಲ್ಲಿ ಅಷ್ಟು ಜಾಗ ಇದೆ. ಅವುಗಳ ಬಾಲಕ್ಕೆ ‘ಷನ್’, ‘ಟಿವ್’, ‘ಬಲ್’ ಮುಂತಾದ ಹತ್ತು ಪ್ರತ್ಯಯ ಕಟ್ಟಿದಿರೋ, ಲೆಕ್ಕ 11 ಲಕ್ಷ ದಾಟುತ್ತದೆ.

ಬೆಂಗಳೂರಿನ ಎಂಜಿನಿಯರಿಂಗ್ ಹಾಸ್ಟೆಲುಗಳಲ್ಲಿ ಜಿಆರ್‌ಇ ಪರೀಕ್ಷೆಗೆ ಕೂತವರ ಹಲವು ತಲೆಮಾರುಗಳು 3,500 ಪದಗಳ ಪಟ್ಟಿಯನ್ನು ಅಕಾರಾದಿಯಾಗಿ ಉರು ಹೊಡೆದಿವೆ. ಬಹುಮಂದಿ ‘ಬಿ’ ಅಕ್ಷರದ ಹತ್ತಿರ ಸುಸ್ತಾದವರು. ಅವರೆಲ್ಲರ ಕಿವಿಗೆ ಬೀಳಬೇಕಾದ ಇನ್ನೊಂದು ಅಂಕಿ ಇದೆ. ಅಮೆರಿಕದ ಶಾಲಾ ಮಕ್ಕಳ ಪುಸ್ತಕಗಳಲ್ಲಿ ಬರುವ ಉಪಸರ್ಗಸಹಿತ ಪದಗಳನ್ನು ಸಂಶೋಧಕರು ಎಣಿಸಿ 1989ರಲ್ಲಿ ಪ್ರಕಟಿಸಿದರು. ಒಟ್ಟು 2,959 ಪದ. ಅದರಲ್ಲಿ ಶೇ. 97ರಷ್ಟಕ್ಕೆ ಇಪ್ಪತ್ತೇ ಉಪಸರ್ಗಗಳು ಕಾರಣ. ನಾಲ್ಕೇ ನಾಲ್ಕು, ಅಂದರೆ ಅನ್, ರೀ, ಇನ್, ಡಿಸ್, ಶೇ. 58ರಷ್ಟನ್ನು ಹೊತ್ತು ನಿಂತಿವೆ. ‘ರೀ’ ಒಂದೇ 401 ಪದ ಹೊತ್ತಿದೆ. ‘ಇನ್’ ತನ್ನ ಇಮ್, ಇರ್, ಇಲ್ ಎಂಬ ತಮ್ಮಂದಿರ ಜೊತೆ 313. ‘ಡಿಸ್’ 216. ಲ್ಯಾಟಿನ್ನಿನ ಈ ಮೂರಕ್ಕೇ 930 ಪದ, ಹೆಚ್ಚುಕಡಿಮೆ ಮೂರನೇ ಒಂದು ಭಾಗ!

ಮೋಸಗಳೂ ಇವೆ, ಹೇಳದೆ ಹೋಗಬಾರದು. ‘ಅಂಕಲ್’ ಪದದ ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲೆರಡು ‘ಅನ್’ ಉಪಸರ್ಗದವೇ. ಹಾಗೆಂದು ಅಂಕಲ್ಲನ್ನು ನಿಷೇಧಾರ್ಥಕ ಎನ್ನಲಾಗದು. ಪೆಟ್ರೋಲ್ ಟ್ಯಾಂಕರ್ ಹಿಂದೆ ಬರೆದಿರುವ ‘ಇನ್‌ಫ್ಲೇಮಬಲ್’ ಓದಿ ‘ಇನ್ ಎಂದರೆ ಅಲ್ಲ, ಹಾಗಾದರೆ ಬೆಂಕಿ ಹತ್ತುವುದಿಲ್ಲ’ ಎಂದು ಬೀಡಿ ಹಚ್ಚಿದವನಿಗೆ ಉಪಸರ್ಗ ಪಾಠದ ಎರಡನೇ ಅವಕಾಶ ಸಿಗುವುದಿಲ್ಲ. ‘ಇನ್’ಗೆ ಎರಡು ಅರ್ಥ. ಬ್ರೌನ್ ತಮ್ಮ ಇಪ್ಪತ್ತರಲ್ಲಿ ಅದನ್ನು ಎರಡು ಸಲ ಲೆಕ್ಕ ಹಿಡಿದದ್ದು ಸುಮ್ಮನೆ ಅಲ್ಲ.

ಇವುಗಳಲ್ಲಿ ಭಾರೀ ಕಳ್ಳ ಎಂದರೆ ‘ಆ್ಯಡ್’. ಎರಡೇ ಅಕ್ಷರದ ಈ ಆಸಾಮಿ ಮುಂದಿನ ವ್ಯಂಜನ ನೋಡಿ ವೇಷ ಬದಲಿಸುತ್ತಾನೆ. ನಮ್ಮ ಸತ್ ಮತ್ತು ಜನ ಸೇರಿ ಸಜ್ಜನ ಆದ ಹಾಗೆ, ಶರತ್ ಮತ್ತು ಚಂದ್ರ ಸೇರಿ ಶರಚ್ಚಂದ್ರ ಆದ ಹಾಗೆ. ಅವನಿಗೆ ಕನಿಷ್ಠ ಹತ್ತು ವೇಷ. ನೋಡಬೇಕೆಂದರೆ ರೋಮ್‌ಗೆ ಹೋಗಬೇಕಿಲ್ಲ, ಯಾವುದಾದರೂ ತಾಲ್ಲೂಕು ಕೋರ್ಟಿನ ಜಗಲಿಯ ಮೇಲೆ ಅರ್ಧ ಗಂಟೆ ನಿಂತರಾಯಿತು. ‘ಮೊನ್ನೆ ಅರೆಸ್ಟ್ ಆಯ್ತು ಸ್ವಾಮಿ, ಅಡ್ವೊಕೇಟ್ ಅಫಿಡವಿಟ್ ಹಾಕಿದ್ದಾರೆ, ಅಕ್ಯೂಸ್ಡ್ ಬಂದಿಲ್ಲ, ಅಡ್ಜರ್ನ್‌ಮೆಂಟ್ ಕೊಟ್ಟರು, ಅಪೀಲು ಹೋಗಬೇಕಂತೆ.’ ಒಂದು ಉಸಿರಿನಲ್ಲಿ ಆರು ‘ಆ್ಯಡ್’! ಹೇಳಿದವರಿಗೆ ಲ್ಯಾಟಿನ್ ಎಂಬ ಭಾಷೆ ಇದೆಯೆಂದೇ ಗೊತ್ತಿರಬೇಕಿಲ್ಲ.

ಸಂಸ್ಕೃತ ಓದಿದವರಿಗೆ ಈ ಇಪ್ಪತ್ತರ ಲೆಕ್ಕ ಎಲ್ಲೋ ಕೇಳಿದಂತಿರಬೇಕು. ಪ್ರ, ಪರಾ, ಅಪ, ಸಂ ಎಂದು ಶುರುವಾಗುವ ನಮ್ಮ ಪಟ್ಟಿಯಲ್ಲಿ ಉಪಸರ್ಗ 22. ‘ಹೃ’ ಎಂಬ ಒಂದೇ ಧಾತುವಿನಿಂದ ಆಹಾರ, ವಿಹಾರ, ಸಂಹಾರ, ಪರಿಹಾರ ಎಲ್ಲವೂ ಬಂದವು. ಲ್ಯಾಟಿನ್ನಿನ ‘ಪ್ರೊ’ ನಮ್ಮ ‘ಪ್ರ’ದ ಸೋದರ. ‘ಇಂಟರ್’ ನಮ್ಮ ‘ಅಂತರ್’ನ ಸೋದರ. ಲ್ಯಾಟಿನ್, ಸಂಸ್ಕೃತ ಎರಡೂ ಒಂದೇ ಮನೆಯಲ್ಲಿ ಇದ್ದದ್ದು ಸುಮಾರು 5,000 ವರ್ಷಗಳ ಹಿಂದೆ. ಕನ್ನಡದ ಹಲ್ಮಿಡಿ ಶಾಸನಕ್ಕೆ ಈಗ ಸುಮಾರು 1,570 ವರ್ಷ. ಅದರ ಮೂರು ಪಟ್ಟಿಗಿಂತ ಹೆಚ್ಚು ಕಾಲ ಅಗಲಿದ್ದರೂ ಮುಖಚಹರೆ ಉಳಿದಿದೆ.

ಈಗ ಇನ್ನೂ ದೊಡ್ಡ ಅಂಕಿಗಳಿಗೆ ಬರೋಣ. 1973ರಲ್ಲಿ ಇಬ್ಬರು ವಿದ್ವಾಂಸರು, ಫಿಂಕೆನ್‌ಸ್ಟೆಟ್ ಮತ್ತು ವುಲ್ಫ್, ಆಕ್ಸ್‌ಫರ್ಡಿನ ಸಂಕ್ಷಿಪ್ತ ನಿಘಂಟಿನ ಸುಮಾರು 80,000 ಪದಗಳ ಕುಲಗೋತ್ರ ವಿಚಾರಿಸಿದರು. ಲ್ಯಾಟಿನ್ನಿನಿಂದ ನೇರವಾಗಿ ಬಂದದ್ದು ಶೇ. 28. ಲ್ಯಾಟಿನ್ನಿನ ಮಗಳಾದ ಫ್ರೆಂಚಿನ ಮೂಲಕ ಬಂದದ್ದು ಮತ್ತೆ ಶೇ. 28. ತಾಯಿ ಮಗಳು ಸೇರಿ 45,000 ಪದ. ಇಂಗ್ಲಿಷಿನ ಹುಟ್ಟುಮನೆಯಾದ ಜರ್ಮಾನಿಕ್ ಕುಟುಂಬಕ್ಕೆ ಉಳಿದದ್ದು ಕಾಲುಭಾಗ. ಮನೆ ಯಜಮಾನನೇ ಅಲ್ಪಸಂಖ್ಯಾತ!

ಪಂಡಿತರ ಇಂಗ್ಲಿಷಿಗೆ ಹೋದರಂತೂ ಕೇಳುವುದೇ ಬೇಡ. ನ್ಯೂಜಿಲೆಂಡಿನ ಅವೆರಿಲ್ ಕಾಕ್ಸ್‌ಹೆಡ್ 35 ಲಕ್ಷ ಪದಗಳಷ್ಟು ಉದ್ದದ ವಿದ್ವತ್ ಬರಹಗಳನ್ನು ಕಂಪ್ಯೂಟರಿಗೆ ಉಣಿಸಿ 2000ನೇ ಇಸವಿಯಲ್ಲಿ 570 ಪದಕುಟುಂಬಗಳ ಪಟ್ಟಿ ತೆಗೆದರು. ಪುಟಕ್ಕೆ 350 ಪದದಂತೆ ಹಿಡಿದರೆ 10,000 ಪುಟ ಜರಡಿ ಹಿಡಿದು ಉಳಿದ ಕಾಳು ಇದು. ಯಾವುದೇ ವಿದ್ವತ್ ಲೇಖನದ ಪ್ರತಿ ಹತ್ತು ಪದಕ್ಕೆ ಒಂದು ಈ 570ರಿಂದಲೇ ಬರುತ್ತದೆ. ಅವುಗಳಲ್ಲಿ ಶೇ. 82ಕ್ಕೂ ಹೆಚ್ಚು ಗ್ರೀಕ್-ಲ್ಯಾಟಿನ್ ಮೂಲದವು.

ಹಾಗಾದರೆ ಎಲ್ಲ ಪದಗಳನ್ನೂ ಒಂದೇ ಕಡೆ ಗುಡ್ಡೆ ಹಾಕಿದರೆ? ಹಾಕಿದ್ದಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 1928ರಲ್ಲಿ ಮುಗಿದಾಗ ಅದರಲ್ಲಿದ್ದ ಪದಗಳು 4,14,825. ಆರು ಕಿಟೆಲ್ ಕೋಶ! ಪುಟ 15,490. ಉದಾಹರಣೆಯ ವಾಕ್ಯಗಳು 18,27,306. ಅಚ್ಚುಮೊಳೆಗಳನ್ನು ಸಾಲಾಗಿ ಜೋಡಿಸಿದರೆ 178 ಮೈಲಿ, ಬೆಂಗಳೂರಿನಿಂದ ಮೈಸೂರಿಗೆ ಹೋಗಿ ವಾಪಸ್ ಬಂದಷ್ಟು ಉದ್ದದ ಸೀಸದ ಸಾಲು. ಅಕ್ಷರಗಳು 22 ಕೋಟಿ 77 ಲಕ್ಷ. ಸೆಕೆಂಡಿಗೊಂದು ಅಕ್ಷರದಂತೆ, ನಿದ್ದೆ ಊಟ ಇಲ್ಲದೆ ಬೆರಳಿಟ್ಟು ಓದಿದರೂ 7 ವರ್ಷ ಮೀರುತ್ತದೆ.

ಸಂಪಾದಕ ಜೇಮ್ಸ್ ಮರ್ರೆ 1879ರಲ್ಲಿ ಕೆಲಸ ಒಪ್ಪಿಕೊಂಡಾಗ ಹತ್ತು ವರ್ಷದಲ್ಲಿ ಮುಗಿಯುವ ಅಂದಾಜಿತ್ತು. ಮೊದಲೇ ಸಂಗ್ರಹವಾಗಿದ್ದ ಉದಾಹರಣೆ ವಾಕ್ಯಗಳ ಚೀಟಿಗಳು ಅವರ ಮನೆಗೆ ಬಂದಿಳಿದಾಗ ಅವುಗಳ ತೂಕವೇ ಸುಮಾರು ಒಂದೂಮುಕ್ಕಾಲು ಟನ್. ಅವನ್ನು ವಿಂಗಡಿಸಲು ಅಂಗಳದ ತಗಡಿನ ಶೆಡ್ಡಿನಲ್ಲಿ 1,029 ಗೂಡುಗಳ ಕಪಾಟು. ಐದು ವರ್ಷ ದುಡಿದು 1884ರಲ್ಲಿ ಮೊದಲ ಕಂತು ಹೊರತಂದರು, 352 ಪುಟ. ಎಲ್ಲಿಯವರೆಗೆ ಬಂದಿತ್ತು ಗೊತ್ತೇ? ‘ಎ’ ಅಕ್ಷರದ ‘ಆ್ಯಂಟ್’ವರೆಗೆ. ಅರ್ಧ ಅವಧಿ ಮುಗಿದಿತ್ತು, ಗಾಡಿ ಇರುವೆಯ ಹತ್ತಿರ ನಿಂತಿತ್ತು! ಆಕ್ಸ್‌ಫರ್ಡಿನ ಅವರ ಮನೆಗೆ ಬಂದುಹೋಗುವ ಕಾಗದಗಳ ಹೊರೆ ನೋಡಿ ಅಂಚೆ ಇಲಾಖೆ ಬಾಗಿಲೆದುರೇ ಒಂದು ಅಂಚೆಪೆಟ್ಟಿಗೆ ನಿಲ್ಲಿಸಿತು. ಹತ್ತು ವರ್ಷದ ಕೆಲಸಕ್ಕೆ ಹಿಡಿದದ್ದು 49 ವರ್ಷ. ಮರ್ರೆ 1915ರಲ್ಲೇ ತೀರಿಕೊಂಡಿದ್ದರು.

ಎರಡನೇ ಆವೃತ್ತಿ 1989ರದು. 20 ಸಂಪುಟ, 21,730 ಪುಟ, 5 ಕೋಟಿ 90 ಲಕ್ಷ ಪದಗಳಷ್ಟು ಪಠ್ಯ, ತೂಕ 62.6 ಕಿಲೋ. ದಸರಾ ಆನೆಯ ಬೆನ್ನ ಮೇಲಿನ 750 ಕಿಲೋ ಚಿನ್ನದ ಅಂಬಾರಿಯನ್ನು ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು, ಇನ್ನೊಂದರಲ್ಲಿ ಈ ನಿಘಂಟಿನ ಹನ್ನೆರಡು ಸೆಟ್ ಇಟ್ಟರೆ ತಕ್ಕಡಿ ಸಮಸಮ ನಿಲ್ಲುತ್ತದೆ. ಇಡೀ ಪಠ್ಯವನ್ನು ಒಬ್ಬನೇ ಕಂಪ್ಯೂಟರಿಗೆ ಟೈಪ್ ಮಾಡಲು ಕೂತರೆ 120 ವರ್ಷ ಬೇಕು ಎಂದು ಪ್ರಕಾಶಕರೇ ಲೆಕ್ಕ ಕೊಟ್ಟಿದ್ದಾರೆ. ಕಿಟೆಲ್ ಕೋಶ ಅಚ್ಚಾದ 1894ರಲ್ಲಿ ಕೂತವನು 2014ರಲ್ಲಿ ಏಳುತ್ತಿದ್ದ. ಆಮೇಲೆ ಕರಡು ತಿದ್ದಲು ಇನ್ನೂ 60 ವರ್ಷ. 2074ರ ತನಕ ನಿವೃತ್ತಿ ಇಲ್ಲ.

ಇಷ್ಟಕ್ಕೇ ಬೆರಗಾದರೆ ಲ್ಯಾಟಿನ್ ಉಪಸರ್ಗಗಳ ನಿಜವಾದ ಪೋಕರಿತನ ಕಾಣುವುದು ಬಾಕಿ ಉಳಿಯಿತು. ಈ ಕುಟುಂಬದಲ್ಲಿ ಒಂದು ಪುಟ್ಟ ತಂಡ ಇದೆ: ಬೈ, ಟ್ರೈ, ಕ್ವಾಡ್ರಿ, ಕ್ವಿಂಟ್, ಸೆಕ್ಸ್, ಸೆಪ್ಟ್, ಆಕ್ಟ್, ನಾನ್. ಎರಡರಿಂದ ಒಂಬತ್ತರವರೆಗೆ ಎಣಿಸುವವರು. ಬೈಸಿಕಲ್, ಟ್ರಯಾಂಗಲ್ ಎಂದು ಪ್ರೈಮರಿ ಶಾಲೆಯಲ್ಲಿ ಸೌಮ್ಯವಾಗಿ ಕೂತಿರುತ್ತಾರೆ. 1484ರಲ್ಲಿ ಫ್ರಾನ್ಸಿನ ನಿಕೊಲಾ ಶ್ಯೂಕೆ ಎಂಬ ಗಣಿತಜ್ಞ ಇವರನ್ನು ‘ಮಿಲಿಯನ್’ ಪದದ ಬಾಲಕ್ಕೆ ಕಟ್ಟಿದ. ಬಿಲಿಯನ್, ಟ್ರಿಲಿಯನ್ ಎಂದು ಶುರುವಾಗಿ ನಾನಿಲಿಯನ್‌ವರೆಗೆ ಹೋದ. ಅವನ ಹಸ್ತಪ್ರತಿ ಅಚ್ಚಾದದ್ದು ನಾನೂರು ವರ್ಷದ ನಂತರ, 1880ರಲ್ಲಿ.

ಇದರ ರುಚಿ ಗಡಿಯಾರದಲ್ಲಿ ನೋಡಬೇಕು. ಮಿಲಿಯನ್ ಸೆಕೆಂಡ್ ಎಂದರೆ ಹನ್ನೊಂದೂವರೆ ದಿನ. ‘ಬೈ’ ಹಚ್ಚಿ: ಬಿಲಿಯನ್ ಸೆಕೆಂಡಿಗೆ 31 ವರ್ಷ 8 ತಿಂಗಳು. ‘ಟ್ರೈ’ ಹಚ್ಚಿ: 31,700 ವರ್ಷ, ಹಲ್ಮಿಡಿ ಶಾಸನದ ವಯಸ್ಸಿನ 20 ಪಟ್ಟು. ‘ಕ್ವಾಡ್ರಿ’: 3 ಕೋಟಿ 17 ಲಕ್ಷ ವರ್ಷ, ಹಿಂದಕ್ಕೆ ಹೋದರೆ ಮನುಷ್ಯನ ಸುಳಿವೇ ಇಲ್ಲ. ‘ಕ್ವಿಂಟ್’: 3,170 ಕೋಟಿ ವರ್ಷ. ವಿಶ್ವಕ್ಕೇ ಈಗ 1,380 ಕೋಟಿ ವರ್ಷ! ಸೃಷ್ಟಿ ಶುರುವಾದಂದಿನಿಂದ ಇನ್ನೂ ಒಂದು ಕ್ವಿಂಟಿಲಿಯನ್ ಸೆಕೆಂಡ್ ಕೂಡ ಕಳೆದಿಲ್ಲ, ಅರ್ಧವೂ ಆಗಿಲ್ಲ. ಬೈಸಿಕಲ್ಲಿನ ‘ಬೈ’ಯಿಂದ ಐದನ್ನು ಸೂಚಿಸುವ ‘ಕ್ವಿಂಟ್’ಗೆ ಬರುವಷ್ಟರಲ್ಲಿ ಕಾಲವೇ ಸಾಲದೆ ಹೋಯಿತು.

ಆದರೆ ಕ್ವಿಂಟಿಲಿಯನ್ ಮನುಷ್ಯರ ಜೇಬಿನಲ್ಲೂ ಓಡಾಡಿದೆ. 1946ರಲ್ಲಿ ಹಂಗೆರಿ ದೇಶ ಹೊರಡಿಸಿದ ಒಂದು ನೋಟಿನ ಮುಖಬೆಲೆ 100 ಕ್ವಿಂಟಿಲಿಯನ್ ಪೆಂಗೊ. ಒಂದರ ಮುಂದೆ 20 ಸೊನ್ನೆ. ನಮ್ಮ ಲೆಕ್ಕದಲ್ಲಿ ಹತ್ತು ಲಕ್ಷ ಕೋಟಿ ಕೋಟಿ. ಸೆಕೆಂಡಿಗೊಂದು ಪೆಂಗೊದಂತೆ ಚಿಲ್ಲರೆ ಎಣಿಸಿ ಕೊಡಲು ಕೂತ ಬ್ಯಾಂಕ್ ಗುಮಾಸ್ತನಿಗೆ ವಿಶ್ವದ ವಯಸ್ಸಿನ 230 ಪಟ್ಟು ಸಮಯ ಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ನಾಣ್ಯ ಫೋರಿಂಟ್ ಬಂತು. ಒಂದು ಫೋರಿಂಟ್‌ಗೆ 400 ಆಕ್ಟಿಲಿಯನ್ ಪೆಂಗೊ. ನೂರು ಕ್ವಿಂಟಿಲಿಯನ್ನಿನ ಆ ನೋಟನ್ನು 400 ಕೋಟಿ ಸಲ ಮೇಜಿನ ಮೇಲೆ ಇಟ್ಟರೆ ಒಂದು ಫೋರಿಂಟ್!

ಸೆಪ್ಟಿಲಿಯನ್ ನೋಡಲು ಅಡುಗೆಮನೆ ಸಾಕು. 180 ಮಿಲಿಲೀಟರ್ ಹಿಡಿಯುವ ಲೋಟದ ನೀರಿನಲ್ಲಿ ಸುಮಾರು 6 ಸೆಪ್ಟಿಲಿಯನ್ ಅಣುಗಳು. ಈ ಭೂಮಿಯ ತೂಕ ಎಷ್ಟು ಕಿಲೋ? ಅದೂ ಸುಮಾರು 6 ಸೆಪ್ಟಿಲಿಯನ್. ಲೋಟದ ಒಂದೊಂದು ಅಣು ಒಂದೊಂದು ಕಿಲೋ ತೂಗಿದ್ದರೆ ನೀವು ಎತ್ತಿ ಗಟಗಟ ಕುಡಿದದ್ದು ಭೂಮಂಡಲ. ಐದು ಟನ್ನಿನ ಆನೆಗಳಲ್ಲಿ ಹೇಳಿ ಎನ್ನುವವರಿಗೆ: 1.2 ಸೆಕ್ಸ್‌ಟಿಲಿಯನ್ ಆನೆ.

ಶ್ಯೂಕೆಗಿಂತ ಆರು ಶತಮಾನಕ್ಕೂ ಮೊದಲೇ ನಮ್ಮ ಕಡೆಯವರು ಈ ದಾರಿಯಲ್ಲಿ ನಡೆದಿದ್ದರು. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾನೆ. ಕೊನೆಯದು ಮಹಾಕ್ಷೋಭ, ಒಂದರ ಮುಂದೆ 23 ಸೊನ್ನೆ, ಅಂದರೆ ನೂರು ಸೆಕ್ಸ್‌ಟಿಲಿಯನ್. ಹೆಸರೇ ಹೇಳುವಂತೆ ತಲೆ ಕದಡುವ ಸಂಖ್ಯೆ. ಆದರೆ ಅಲ್ಲಿಂದ ಮುಂದಕ್ಕೆ ಹೋಗಲು ಪ್ರತಿ ಸ್ಥಾನಕ್ಕೂ ಹೊಸ ಹೆಸರು ಹುಡುಕಬೇಕಿತ್ತು. ಲ್ಯಾಟಿನ್ ಉಪಸರ್ಗಕ್ಕೆ ಆ ಕಷ್ಟ ಇಲ್ಲ. ಹತ್ತು ಬಂದರೆ ‘ಡೆಸಿ’, ನೂರು ಬಂದರೆ ‘ಸೆಂಟಿ’. ಸ್ಕೇಲಿನ ಸೆಂಟಿಮೀಟರಿನಲ್ಲಿರುವ ಅದೇ ಬಡಪಾಯಿ ‘ಸೆಂಟಿ’.

ಆ ಬಡಪಾಯಿಯನ್ನು ಮಿಲಿಯನ್ನಿನ ಬಾಲಕ್ಕೆ ಕಟ್ಟಿದರೆ ಸೆಂಟಿಲಿಯನ್: ಒಂದರ ಮುಂದೆ 303 ಸೊನ್ನೆ. ನಮಗೆ ಕಾಣುವ ಇಡೀ ವಿಶ್ವದಲ್ಲಿರುವ ಪರಮಾಣುಗಳ ಸಂಖ್ಯೆಯ ಅಂದಾಜಿಗೆ 80 ಸೊನ್ನೆ ಸಾಕು. ಈಗ ಪ್ರತಿ ಪರಮಾಣುವಿನ ಜಾಗದಲ್ಲೂ ಒಂದೊಂದು ವಿಶ್ವವನ್ನು ಕೂರಿಸಿ: 160 ಸೊನ್ನೆ. ಆ ವಿಶ್ವಗಳ ಪ್ರತಿ ಪರಮಾಣುವಿನಲ್ಲೂ ಮತ್ತೊಂದೊಂದು ವಿಶ್ವ ಇಡಿ: 240. ಸೆಂಟಿಲಿಯನ್ ಮುಟ್ಟಲು ಇನ್ನೂ 63 ಸೊನ್ನೆ ಬಾಕಿ! ಇದು ಅಮೆರಿಕದವರ ಲೆಕ್ಕ. ಬ್ರಿಟನ್ 1974ರವರೆಗೆ ಅಧಿಕೃತವಾಗಿ ಬಳಸುತ್ತಿದ್ದ, ಯೂರೋಪಿನ ಹಲವು ದೇಶಗಳು ಈಗಲೂ ಬಿಡದ ಹಳೆಯ ಪದ್ಧತಿಯಲ್ಲಿ ಸೆಂಟಿಲಿಯನ್ ಎಂದರೆ 600 ಸೊನ್ನೆ. ಒಂದೇ ಪದ, ಅಟ್ಲಾಂಟಿಕ್ ದಾಟಿದರೆ 297 ಸೊನ್ನೆಯ ವ್ಯತ್ಯಾಸ. ಕಸ್ಟಮ್ಸ್‌ನವರು ಹಿಡಿಯಬೇಕಾದ ಕಳ್ಳಸಾಗಣೆ ಇದು.

ಗೂಗಲ್ ಕಂಪನಿಯ ಹೆಸರಿಗೆ ಮೂಲವಾದ ಗೂಗಾಲ್ ಸಂಖ್ಯೆಗೆ ನೂರೇ ಸೊನ್ನೆ. ಲ್ಯಾಟಿನ್ ಪದ್ಧತಿಯಲ್ಲಿ ಅದು ಬರೀ ಹತ್ತು ಡುಯೋಟ್ರಿಜಿಂಟಿಲಿಯನ್. ಹೇಳಿಕೊಳ್ಳುವಂಥ ಸಂಖ್ಯೆಯೇ ಅಲ್ಲ.

1996ರಲ್ಲಿ ಜಾನ್ ಕಾನ್‌ವೇ ಮತ್ತು ರಿಚರ್ಡ್ ಗೈ ಎಂಬ ಗಣಿತಜ್ಞರು ತಮ್ಮ ಪುಸ್ತಕವೊಂದರಲ್ಲಿ ಈ ಆಟಕ್ಕೆ ಕೊನೆಯೇ ಇಲ್ಲದಂತೆ ಮಾಡಿದರು. ಸಾವಿರಕ್ಕೆ ‘ಮಿಲಿ’ ಇದೆಯಲ್ಲ, ಅದನ್ನೂ ಕಟ್ಟಿ: ಮಿಲಿನಿಲಿಯನ್, 3,003 ಸೊನ್ನೆ. ಸೆಕೆಂಡಿಗೊಂದು ಸೊನ್ನೆಯಂತೆ ಕರಿಹಲಗೆಯ ಮೇಲೆ ಬರೆಯುತ್ತ ಹೋದರೆ 50 ನಿಮಿಷ 3 ಸೆಕೆಂಡ್, ಪಿರಿಯಡ್ ಮುಗಿದ ಬೆಲ್ ಹೊಡೆದೇ ಬಿಡುತ್ತದೆ. ನಡುವೆ ಇನ್ನೊಂದು ‘ನಿಲಿ’ ತೂರಿಸಿ: ಮಿಲಿನಿಲಿನಿಲಿಯನ್, 30,00,003 ಸೊನ್ನೆ. ಇದನ್ನು ಬಾಯಲ್ಲಿ ಹೇಳಲು ಎರಡು ಸೆಕೆಂಡ್. ಸೊನ್ನೆ ಬರೆದು ಮುಗಿಸಲು, ಹಗಲೂ ರಾತ್ರಿ ಸೀಮೆಸುಣ್ಣ ಕೆಳಗಿಡದೆ, 34 ದಿನ 17 ಗಂಟೆ 20 ನಿಮಿಷ.